ಅಜ್ಜಿ ಹಾಡಿದ ಜೋಗುಳದ ವಿಡಿಯೋ ತೆರೆಯಲೇ ಇಲ್ಲ

ಅಕ್ಕನ ಮಗಳ ನಾಮಕರಣದ ದಿನ ಅಜ್ಜಿ ತೊಟ್ಟಿಲ ಪಕ್ಕ ಕೂತು ಜೋಗುಳ ಹಾಡಿದರು. ಕ್ಯಾಮೆರಾ ಸ್ಟ್ಯಾಂಡ್ ಮೇಲಿತ್ತು, ನಾನು ಬಡಿಸೋದಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಸ್ಕ್ರೀನ್ ಕಪ್ಪಾಗಿತ್ತು, ಬ್ಯಾಟರಿ ಖಾಲಿ. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಫೈಲ್ ಇದೆ, 2.1 ಜಿಬಿ ಅಂತಲೂ ತೋರಿಸುತ್ತಿದೆ, ಆದರೆ ಯಾವ ಪ್ಲೇಯರ್‌ನಲ್ಲೂ ಓಡುತ್ತಿಲ್ಲ.

ಅವತ್ತು ಮಾಡಿದ ಒಂದೇ ಬುದ್ಧಿವಂತಿಕೆ ಅಂದ್ರೆ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕಿ ಬೇರೆ ಏನೂ ರೆಕಾರ್ಡ್ ಮಾಡಲಿಲ್ಲ. ಫೈಲನ್ನು ಎರಡು ಕಡೆ ಕಾಪಿ ಮಾಡಿಟ್ಟುಕೊಂಡು, ಕಾಪಿಯ ಮೇಲೆ ಮಾತ್ರ ಕೈ ಹಾಕಿದೆ. ಸೈಜ್ ಸೊನ್ನೆ ಅಂತ ತೋರಿಸಿದ್ದರೆ ಕಥೆ ಬೇರೆ, ಆಗ ಫೋಟೋರೆಕ್ ಥರದ, ಕಳೆದ ಫೈಲ್ ಹುಡುಕಿ ಕೊಡೋ ಸಾಫ್ಟ್‌ವೇರಿನಲ್ಲಿ ಮೊದಲು ಕಾರ್ಡನ್ನೇ ಜಾಲಾಡಬೇಕಿತ್ತು.

ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್‌ನಲ್ಲೇ ಸರಿ ಮಾಡಬಹುದು, ಹೆಸರಿನ ಕೊನೆಗೆ ಎವಿಐ ಅಂತ ಬದಲಿಸಿ ಸಾಕು ಅಂತ ತುಂಬಾ ಜನ ಹೇಳ್ತಾರೆ. ಆ ಸೌಲಭ್ಯ ಇರೋದು ಎವಿಐ ಫೈಲುಗಳಿಗೆ ಮಾತ್ರ. ನನ್ನದು ಎಂಪಿ4, ಬೇರೆಯೇ ಥರದ ವಿಡಿಯೋ ಫೈಲ್. ಹೆಸರು ಬದಲಿಸಿದರೆ ಒಳಗಿರೋದು ಬದಲಾಗಲ್ಲ ಅಲ್ವಾ? ಸುಮ್ನೆ ಅರ್ಧ ಗಂಟೆ ಹೋಯ್ತು.

ಆಮೇಲೆ ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಧನಕ್ಕೆ ಕೊಟ್ಟೆ. 'ಮೂವ್ ಆಟಮ್ ನಾಟ್ ಫೌಂಡ್' ಅಂತು, ಅಂದ್ರೆ ಫೈಲಿನಲ್ಲಿ 'ಮೂವ್' ಅನ್ನೋ ಭಾಗ ಸಿಗಲಿಲ್ಲ ಅಂತ. ಅಲ್ಲಿಗೆ ರೋಗ ಗೊತ್ತಾಯ್ತು. ಎಂಪಿ4 ಒಳಗೆ 'ಎಂಡ್ಯಾಟ್' ಅನ್ನೋ ಭಾಗದಲ್ಲಿ ಚಿತ್ರ, ಧ್ವನಿ ಎಲ್ಲಾ ತುಂಬಿರುತ್ತೆ. ಯಾವ ಫ್ರೇಮ್ ಎಲ್ಲಿದೆ, ಎಷ್ಟು ಉದ್ದ, ಯಾವ ಕೋಡೆಕ್ (ಚಿತ್ರ, ಧ್ವನಿಯನ್ನು ಕುಗ್ಗಿಸಿಡೋ ವಿಧಾನ) ಅನ್ನೋ ಲೆಕ್ಕವೆಲ್ಲಾ 'ಮೂವ್' ಭಾಗದಲ್ಲಿ. ಸಾಮಾನ್ಯವಾಗಿ ಕ್ಯಾಮೆರಾ ಈ ಲೆಕ್ಕ ಬರೆಯೋದು ನಾವು ಸ್ಟಾಪ್ ಒತ್ತಿದ ಮೇಲೆ. ಅಡುಗೆಮನೆಯಲ್ಲಿ ಒಂದೇ ಥರದ ಐವತ್ತು ಡಬ್ಬ ಸಾಲಾಗಿವೆ, ಯಾವುದರಲ್ಲಿ ಏನಿದೆ ಅಂತ ಬಲ್ಲವರು ಮಾತ್ರ ಊರಿಗೆ ಹೋಗಿದ್ದಾರೆ, ಹಾಗಾಗಿತ್ತು ನನ್ನ ಫೈಲ್. ಫೈಲಿನ ಒಂದೊಂದು ಬೈಟನ್ನೂ ತೋರಿಸೋ ಹೆಕ್ಸ್ ಎಡಿಟರ್‌ನಲ್ಲಿ ತೆರೆದೂ ನೋಡಿದೆ: ಶುರುವಿನಲ್ಲಿ ಫೈಲಿನ ಬಗೆ ಹೇಳೋ 'ಎಫ್‌ಟೈಪ್' ಇತ್ತು, 'ಎಂಡ್ಯಾಟ್' ಇತ್ತು, 'ಮೂವ್' ಎಷ್ಟು ಹುಡುಕಿದರೂ ಇಲ್ಲ. ಆದರೆ ಒಳಗೆಲ್ಲಾ ಬರೀ ಸೊನ್ನೆಗಳಿರಲಿಲ್ಲ, ಮಾಲು ಇತ್ತು. ಅಷ್ಟು ಸಾಕಾಗಿತ್ತು ನನಗೆ.

ಇದಕ್ಕೆ ಅನ್‌ಟ್ರಂಕ್ ಅಂತ ಒಂದು ಉಚಿತ ಸಾಧನ ಇದೆ. ಅದಕ್ಕೆ ಎರಡು ಫೈಲ್ ಕೊಡಬೇಕು, ಮೊದಲು ಅದೇ ಕ್ಯಾಮೆರಾದ ಸರಿಯಾಗಿರೋ ವಿಡಿಯೋ, ನಂತರ ಕೆಟ್ಟಿರೋದು. ಒಳ್ಳೆಯದರ ಲೆಕ್ಕ ನೋಡಿಕೊಂಡು ಕೆಟ್ಟದ್ದಕ್ಕೆ ಹೊಸ ಲೆಕ್ಕ ಕಟ್ಟುತ್ತೆ. ನಾನು ಎಡವಿದ್ದು ಇಲ್ಲೇ. ಅದೇ ಕ್ಯಾಮೆರಾ ತಾನೇ ಅಂತ ಹಳೇ ಪ್ರವಾಸದ ಕ್ಲಿಪ್ ಒಂದನ್ನು ಕೊಟ್ಟೆ. ಬಂದ ವಿಡಿಯೋದಲ್ಲಿ ಅಜ್ಜಿಯ ಸೀರೆ ಅಂಚು ಒಂದು ಕ್ಷಣ ಕಾಣಿಸಿತು, ಆಮೇಲೆ ಬರೀ ಹಸಿರು ಚೌಕಗಳು, ಧ್ವನಿ ಕರಕರ. ತಲೆ ಕೆಡಿಸಿಕೊಂಡು ಕೂತಾಗ ಹೊಳೆಯಿತು: ಆ ಕ್ಲಿಪ್ ಸೆಕೆಂಡಿಗೆ 50 ಫ್ರೇಮಿನದು, ನಾಮಕರಣಕ್ಕೆ ನಾನು ಇಟ್ಟಿದ್ದು 25. ಬ್ಯಾಟರಿ ಚಾರ್ಜ್ ಮಾಡಿ, ಬೇರೆ ಕಾರ್ಡ್ ಹಾಕಿ, ಸೆಟ್ಟಿಂಗ್ ಒಂದನ್ನೂ ಮುಟ್ಟದೆ ಮನೆ ಗೋಡೆಯನ್ನೇ ಎರಡು ನಿಮಿಷ ಶೂಟ್ ಮಾಡಿದೆ. ಫ್ಯಾನಿನ ಸದ್ದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಅದನ್ನು ಮಾದರಿಯಾಗಿ ಕೊಟ್ಟು ಮತ್ತೆ ಓಡಿಸಿದರೆ, ಅಜ್ಜಿ ಹಾಡ್ತಾ ಇದ್ದಾರೆ!

ಹನ್ನೊಂದು ನಿಮಿಷ ಬಂತು. ಧ್ವನಿ ತುಟಿಗಿಂತ ಸ್ವಲ್ಪ ಹಿಂದಿತ್ತು. ವಿಎಲ್‌ಸಿಯಲ್ಲಿ ಧ್ವನಿಯನ್ನು ಹಿಂದೆ ಮುಂದೆ ಸರಿಸೋ ಜೆ, ಕೆ ಕೀ ಒತ್ತಿ ಎಷ್ಟು ವ್ಯತ್ಯಾಸ ಅಂತ ಅಂದಾಜು ಮಾಡಿ, ಎಫ್‌ಎಫ್‌ಎಂಪೆಗ್‌ನಲ್ಲಿ ಧ್ವನಿಯನ್ನು ಅಷ್ಟೇ ಸರಿಸಿದೆ. ಚಿತ್ರವನ್ನು ಮರು ಎನ್‌ಕೋಡ್ ಮಾಡದೆ, ಅಂದ್ರೆ ಹೊಸದಾಗಿ ಕುಗ್ಗಿಸದೆ, ಇದ್ದ ಹಾಗೇ ಕಾಪಿ ಮಾಡಿದ್ದರಿಂದ ಗುಣಮಟ್ಟ ಹೋಗಲಿಲ್ಲ. ಬ್ಯಾಟರಿ ಸಾಯೋ ಹೊತ್ತಿನ ಕೊನೆಯ ಕೆಲವು ಸೆಕೆಂಡ್ ಕಾರ್ಡಿಗೆ ಬರೆದೇ ಇರಲಿಲ್ಲ ಅನ್ಸುತ್ತೆ, ಅದು ಸಿಗಲಿಲ್ಲ. ನಡುವೆ ಒಂದು ಕಡೆ ಹಾಡು ಇನ್ನೂ ಮುಗ್ಗರಿಸುತ್ತೆ, ಅದಕ್ಕೇ ಕೆಟ್ಟ ಫೈಲನ್ನು ಅಳಿಸಿಲ್ಲ.