ಮಳೆ ಬರಬಹುದು ಎಂಬ ರೇಸಿಗೆ ಹಣ ಹಚ್ಚಿದ ನನ್ನ ಅನುಭವ

ಫಾರ್ಮುಲಾ ಒನ್ ಕಾರು ರೇಸಿನ ಬಾಜಿಯಲ್ಲಿ, ಜಡಿಮಳೆಯ ರೇಸಿಗಿಂತ, ಮಳೆ ಬಂದರೂ ಬರಬಹುದು ಬಾರದಿದ್ದರೂ ಇರಬಹುದು ಎಂಬ ರೇಸಿನಲ್ಲಿಯೇ ಹಣವಿದೆ ಎಂದು ನಾನು ಹೇಳತೊಡಗಿದಾಗ ನಮ್ಮ ಗುಂಪಿನಲ್ಲಿ ನಂಬಿದವರು ಯಾರೂ ಇರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಗೆಳೆಯರಂತೂ, “ಅಣ್ಣಾ, ಮಳಿ ನಂಬಿ ರೊಕ್ಕಾ ಹಚ್ಚಿದಾಂವ ಯಾಂವ ಉದ್ಧಾರ ಆಗ್ಯಾನ?” ಎಂದು ನಕ್ಕರು. ಕಳೆದ ಎರಡು ಹಂಗಾಮುಗಳಲ್ಲಿ ಗುಂಪಿನ ಹಣ ಹೆಚ್ಚಾಗಿ ನನ್ನ ಕಿಸೆಗೆ ಬಂದಿರುವುದರಿಂದ ಈಗ ಬರೆಯುತ್ತಿದ್ದೇನೆ.

ನಾವು ಹತ್ತು ಜನ. ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯವರೇ ಹೆಚ್ಚು, ಉಳಿದವರು ಧಾರವಾಡ, ಗದಗ, ಬ್ಯಾಡಗಿಯವರು. ಪ್ರತಿ ಫಾರ್ಮುಲಾ ಒನ್ ರೇಸಿಗೆ ತಲಾ ₹300 ಹಾಕುತ್ತೇವೆ. ಪ್ರಶ್ನೆಗಳು ಮೂರು, ಒಂದೊಂದಕ್ಕೆ ಸಾವಿರ: ಗೆಲ್ಲುವವರು ಯಾರು, ಎಷ್ಟು ಕಾರುಗಳು ರೇಸು ಮುಗಿಸುತ್ತವೆ, ನಾಲ್ಕು ದೊಡ್ಡ ತಂಡಗಳ (ರೆಡ್ ಬುಲ್, ಮರ್ಸಿಡಿಸ್, ಫೆರಾರಿ, ಮೆಕ್ಲಾರೆನ್) ಹೊರಗಿನವರೊಬ್ಬರು ಮೊದಲ ಮೂರರಲ್ಲಿ ಬರುತ್ತಾರೆಯೇ. ಸರಿ ಬರೆದವರು ಹಂಚಿಕೊಳ್ಳುತ್ತಾರೆ, ಯಾರದೂ ಸರಿಯಾಗದಿದ್ದರೆ ಹಣ ಮುಂದಿನ ರೇಸಿಗೆ ಉಳಿಯುತ್ತದೆ. ಎಲ್ಲವೂ ಕೈಚೀಟಿಯ ವ್ಯವಹಾರ. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸುವುದಕ್ಕೂ ಮೊದಲೇ ನಾನು ಆ ಕಡೆ ತಲೆ ಹಾಕಿದವನಲ್ಲ.

ಮೊದಲು ನಾನೂ ಎಲ್ಲರಂತೆ ಗೆಲ್ಲುವವರ ಹೆಸರನ್ನೇ ಬೆನ್ನಟ್ಟುತ್ತಿದ್ದೆ. 2021ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ವೇಗ ತಗ್ಗಿಸಿ ಮುಂದೆ ಸಾಗುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಓಡಿಸಿ ಅರ್ಧ ಅಂಕ ಕೊಟ್ಟಾಗ, ಅದು ರೇಸೇ ಅಲ್ಲವೆಂದು ಜಗಳವಾಗಿ ಎಲ್ಲರ ಹಣವನ್ನೂ ಮರಳಿಸಬೇಕಾಯಿತು. ಬಳಿಕ ಇಟಲಿಯ ಮಾಂಝಾದಲ್ಲಿ ರಿಕಾರ್ಡೊ ಗೆದ್ದರು. ಅವರ ಹೆಸರನ್ನು ಯಾರೂ ಬರೆದಿರಲಿಲ್ಲವಾದ್ದರಿಂದ ಮುಂದಿನ ರೇಸಾದ ರಷ್ಯಾದ ಸೋಚಿಯಲ್ಲಿ ಗೆಲ್ಲುವವರ ಪ್ರಶ್ನೆಯ ಮೇಲೆ ಎರಡು ಸಾವಿರ ಕುಳಿತಿತ್ತು. ಅಲ್ಲಿ ನಾರಿಸ್ ಎಂದು ಬರೆದವನು ನಾನೊಬ್ಬನೇ. ನಾರಿಸ್ ಮುಂದಿದ್ದರು, ಕೊನೆಯ ಕೆಲವು ಸುತ್ತುಗಳಿರುವಾಗ ಮಳೆ ಇಳಿಯಿತು. ಹ್ಯಾಮಿಲ್ಟನ್ ಟೈರು ಬದಲಿಸುವ ಪಿಟ್‌ಗೆ ಬಂದು, ಅರೆಮಳೆಯ ಟೈರಾದ ಇಂಟರ್ ಹಾಕಿಸಿಕೊಂಡು ಗೆದ್ದರು, ನಾರಿಸ್ ಒಣ ಟ್ರ್ಯಾಕಿನ ಸ್ಲಿಕ್ ಟೈರಿನಲ್ಲಿಯೇ ಉಳಿದು ಏಳನೆಯವರಾದರು. ಮುಂದಿನ ಎರಡು ಹಂಗಾಮುಗಳಲ್ಲಿಯೂ ಇದೇ ದಾರಿ ಹಿಡಿದು, ನೆನಪಿನ ಲೆಕ್ಕದಲ್ಲಿ ಐದು ಸಾವಿರದಷ್ಟು ಕಳೆದುಕೊಂಡೆ.

ದಾರಿ ಸಿಕ್ಕಿದ್ದು ಮೂರನೆಯ ಪ್ರಶ್ನೆಯಲ್ಲಿ. ಅದಕ್ಕೆ ಎಲ್ಲರೂ ‘ಇಲ್ಲ’ ಎಂದೇ ಬರೆಯುತ್ತಿದ್ದರು, ಹಂಚಿಕೊಂಡಾಗ ತಮ್ಮ ನೂರು ರೂಪಾಯಿಯನ್ನೇ ಮರಳಿ ಪಡೆಯುತ್ತಿದ್ದರು. ನಾನೊಬ್ಬನೇ ‘ಹೌದು’ ಎಂದರೆ ತಪ್ಪಿದಾಗ ಹೋಗುವುದು ನೂರು, ಫಲಿಸಿದಾಗ ಉಳಿಯುವುದು ಒಂಬೈನೂರು. ಹತ್ತು ಸಲಕ್ಕೆ ಒಂದು ಸಲ ಫಲಿಸಿದರೂ ಅಸಲಿಗೆ ಮೋಸವಿಲ್ಲ. ಒಣ ರೇಸಿನಲ್ಲಿ ಅಷ್ಟೂ ಫಲಿಸುವ ಭರವಸೆಯಿಲ್ಲ, ಅರೆಮಳೆಯ ರೇಸಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಫಲಿಸುತ್ತದೆ.

2024ರ ಬ್ರೆಜಿಲ್ ರೇಸು ಇದಕ್ಕೆ ಸಾಕ್ಷಿ. ಮಳೆಯಿಂದಾಗಿ ಹೊರಡುವ ಸ್ಥಾನಗಳನ್ನು ನಿರ್ಧರಿಸುವ ಶನಿವಾರದ ಅರ್ಹತಾ ಸುತ್ತನ್ನು ಭಾನುವಾರ ಬೆಳಿಗ್ಗೆ, ಅಂದರೆ ನಮಗೆ ಸಂಜೆ ನಾಲ್ಕಕ್ಕೆ, ನಡೆಸಿದರು. ಮುಂದಿನ ಸಾಲುಗಳಲ್ಲಿ ಸುನೋಡಾ ಮೂರನೆಯವರು, ಓಕಾನ್ ನಾಲ್ಕನೆಯವರು, ಲಾಸನ್ ಐದನೆಯವರು, ಮೂವರೂ ಹೊರಗಿನವರೇ. ವೆರ್ಸ್ಟಾಪನ್ ಹದಿನೇಳನೆಯ ಸ್ಥಾನದಲ್ಲಿದ್ದರು. ರಾತ್ರಿ ಒಂಬತ್ತರ ಬಳಿಕ ರೇಸು ಶುರುವಾಯಿತು. ಮುಂದಿದ್ದ ರಸೆಲ್ ಮತ್ತು ನಾರಿಸ್ ಟೈರು ಬದಲಿಸಿಕೊಂಡು ಬಂದ ಸ್ವಲ್ಪ ಹೊತ್ತಿಗೆ ಕೊಲಾಪಿಂಟೊ ಗೋಡೆಗೆ ಬಡಿದು, ಕೆಂಪು ಬಾವುಟ ಬಂದು ರೇಸು ನಿಂತಿತು. ಪಿಟ್‌ಗೆ ಬಾರದೆ ಉಳಿದಿದ್ದ ಓಕಾನ್, ವೆರ್ಸ್ಟಾಪನ್, ಗ್ಯಾಸ್ಲಿಯವರಿಗೆ ಆ ಬಿಡುವಿನಲ್ಲಿ ಸಮಯ ಕಳೆದುಕೊಳ್ಳದೆ ಹೊಸ ಟೈರು ದಕ್ಕಿತು. ಕೊನೆಗೆ ವೆರ್ಸ್ಟಾಪನ್ ಗೆದ್ದು, ಆಲ್ಪೀನ್ ತಂಡದ ಓಕಾನ್ ಮತ್ತು ಗ್ಯಾಸ್ಲಿ ಇಬ್ಬರೂ ಎರಡು ಮತ್ತು ಮೂರನೆಯ ಸ್ಥಾನ ಹಿಡಿದರು. ‘ಹೌದು’ ಎಂಬ ಸಾವಿರ ಪೂರ್ತಿ ನನ್ನದಾಯಿತು. 15 ಕಾರುಗಳು ಮುಗಿಸುತ್ತವೆ ಎಂದು ಬರೆದದ್ದೂ ಸರಿಯಾಗಿ, ಧಾರವಾಡದ ಅಧ್ಯಾಪಕರೊಬ್ಬರ ಜೊತೆ ಇನ್ನೊಂದು ಸಾವಿರವನ್ನು ಹಂಚಿಕೊಂಡೆ.

2025ರ ಮೆಲ್ಬರ್ನ್‌ನಲ್ಲಿ ‘ಹೌದು’ ಫಲಿಸಲಿಲ್ಲ, ಆದರೆ ಆರು ಕಾರುಗಳು ಬಿದ್ದುಹೋಗಿ 14 ಮಾತ್ರ ಮುಗಿಸಿದ್ದರಿಂದ ಎರಡನೆಯ ಪ್ರಶ್ನೆ ನಷ್ಟವನ್ನು ತುಂಬಿಕೊಟ್ಟಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಬಿಟ್ಟುಬಿಟ್ಟು ಮಳೆ ಬಂದಾಗ, ಸೌಬರ್ ತಂಡದ ಹುಲ್ಕೆನ್‌ಬರ್ಗ್ ಹತ್ತೊಂಬತ್ತನೆಯ ಸ್ಥಾನದಿಂದ ಹೊರಟು ಮೂರನೆಯವರಾದರು, ಅದೂ ತಮ್ಮ 239ನೆಯ ರೇಸಿನಲ್ಲಿ. ಅವರ ಹೆಸರು ನನ್ನ ಮನಸ್ಸಿನಲ್ಲಿಯೂ ಇರಲಿಲ್ಲ. ನನ್ನ ಚೀಟಿಗೆ ಹೆಸರು ಬೇಕಾಗಿಯೂ ಇರಲಿಲ್ಲ.

ಕೈಕೊಟ್ಟದ್ದು ಅದೇ ವರ್ಷದ ಸ್ಪಾ. ಏಳು ಕಿಲೋಮೀಟರ್ ಉದ್ದದ ಆ ಟ್ರ್ಯಾಕು, ಧಾರವಾಡದಲ್ಲಿ ಮಳೆ, ನವನಗರದಲ್ಲಿ ಹನಿ, ಚೆನ್ನಮ್ಮ ವೃತ್ತದಲ್ಲಿ ಬಿಸಿಲು ಇರುವ ನಮ್ಮ ಅವಳಿನಗರದಂತೆಯೇ. ಮಳೆ ಜೋರಾಗಿದೆ ಎಂದು ಹುರುಪಿನಿಂದ ಕಾರುಗಳ ಸಂಖ್ಯೆಯನ್ನು ಹದಿನೈದಕ್ಕೆ ಇಳಿಸಿದೆ. ಆದರೆ ನೀರಿನ ಸಿಂಪರಣೆಯಲ್ಲಿ ಕಣ್ಣು ಕಾಣದೆಂದು ಅಧಿಕಾರಿಗಳು 80 ನಿಮಿಷ ಕಾಯಿಸಿ, ಸೇಫ್ಟಿ ಕಾರಿನ ಹಿಂದೆ ಓಡಿಸಿ, ಆಮೇಲೆ ಬಿಟ್ಟರು. ಟ್ರ್ಯಾಕು ಒಣಗಿತು, ಇಪ್ಪತ್ತು ಕಾರುಗಳೂ ಮುಗಿಸಿದವು. ಮಳೆಯಲ್ಲಿ ಹಿಡಿತ ಸಿಗಲೆಂದು ಹೆಚ್ಚು ರೆಕ್ಕೆ ಹಾಕಿಕೊಂಡು, ನೇರ ರಸ್ತೆಯ ವೇಗ ಬಿಟ್ಟುಕೊಟ್ಟಿದ್ದ ರೆಡ್ ಬುಲ್ ಕೂಡ ಪರದಾಡಿತು. ಅಂದಿನಿಂದ, ಮಳೆ ಹೆಚ್ಚಾದಷ್ಟೂ ಅಧಿಕಾರಿಗಳ ಎಚ್ಚರವೂ ಹೆಚ್ಚುತ್ತದೆ ಎಂಬ ಲೆಕ್ಕವನ್ನು ಸೇರಿಸಿಕೊಂಡಿದ್ದೇನೆ: ಜಡಿಮಳೆಯ ಮುನ್ಸೂಚನೆಯಿದ್ದರೆ ಸಂಖ್ಯೆಯನ್ನು ಇಳಿಸುವುದಿಲ್ಲ, ಒಣ ಆರಂಭದ ಮೇಲೆ ತುಂತುರು ಬರುವಂತಿದ್ದರೆ ಮಾತ್ರ ಇಳಿಸುತ್ತೇನೆ.

ಶೇಕಡಾ ಅರವತ್ತು ಮಳೆ ಎಂಬ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಯಾವ ತಿರುವಿನಲ್ಲಿ ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಚೀಟಿ ಹಾಕುವ ಗಡುವು ರೇಸಿಗೆ ಮುಂಚೆ ಕಾರುಗಳು ನಿಧಾನವಾಗಿ ಹಾಕುವ ಫಾರ್ಮೇಶನ್ ಸುತ್ತಿನವರೆಗೆ ಇರುವುದರಿಂದ, ಕೊನೆಯ ಅರ್ಧ ಗಂಟೆ ರೇಡಾರ್ ಚಿತ್ರವನ್ನೇ ನೋಡುತ್ತೇನೆ. ಅದರ ಜೊತೆ ಶನಿವಾರದ ನೇರ ರಸ್ತೆಯ ವೇಗಗಳನ್ನು ಇಟ್ಟು ನೋಡಿದರೆ ಯಾವ ತಂಡ ಮಳೆಗೆ ಸಿದ್ಧವಾಗಿದೆ ಎಂಬುದು ಕಾಣುತ್ತದೆ. ಎಷ್ಟು ವ್ಯತ್ಯಾಸಕ್ಕೆ ಏನರ್ಥ ಎಂಬುದು ನನ್ನ ವಹಿಯಲ್ಲಿದೆ, ಅಲ್ಲಿಯೇ ಇರಲಿ.

ನಡುವೆ ಬೈಕುಗಳ ರೇಸಾದ ಮೋಟೊಜಿಪಿಯ ಮೇಲೂ ಪ್ರಯೋಗ ಮಾಡಿದೆ. 2025ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ಉಳಿದವರು ಬೈಕು ಬದಲಿಸುತ್ತ ಅಲೆದಾಡುವಾಗ, ಮಳೆಯ ಟೈರು ಬಿಡದೆ ಓಡಿಸಿದ ಝಾರ್ಕೊ ಗೆದ್ದರು; ಅತಿ ದೊಡ್ಡ ವರ್ಗದಲ್ಲಿ ತವರಿನ ರೇಸನ್ನು ಫ್ರೆಂಚರೊಬ್ಬರು ಗೆದ್ದದ್ದು 1954ರ ನಂತರ ಅದೇ ಮೊದಲು. ನನ್ನ ಲೆಕ್ಕ ಅಲ್ಲಿಯೂ ಸರಿಯಿತ್ತು, ಆದರೆ ಹಣ ಹಾಕಲು ಮೂವರಿಗಿಂತ ಹೆಚ್ಚು ಜನ ಕೂಡದೆ ಅದು ಚಹಾದ ಖರ್ಚಿಗಷ್ಟೇ ಆಯಿತು.

ಎರಡು ಹಂಗಾಮಿನ ನಿವ್ವಳ ಲಾಭ ಆರು ಸಾವಿರದ ಆಸುಪಾಸು; ಹಳೆಯ ನಷ್ಟ ತೀರಿ ಸ್ವಲ್ಪ ಉಳಿದಿದೆ. 2026ರಿಂದ 11 ತಂಡ, 22 ಕಾರುಗಳಾಗಿರುವುದರಿಂದ ಎರಡನೆಯ ಪ್ರಶ್ನೆಯ ಲೆಕ್ಕವನ್ನು ಹೊಸದಾಗಿ ಕಟ್ಟಬೇಕು. ಮೋಡ ಕಂಡರೆ ಈಗ ಬ್ಯಾಡಗಿಯವರೂ ‘ಹೌದು’ ಎಂದೇ ಬರೆಯುತ್ತಾರೆ. ಮೂವರು ಬರೆದರೆ ಪಾಲು ಮುನ್ನೂರ ಚಿಲ್ಲರೆಗೆ ಇಳಿಯುವುದರಿಂದ, ಬೇರೆ ಇಬ್ಬರು ‘ಹೌದು’ ಎನ್ನುವ ಸೂಚನೆಯಿದ್ದರೆ ನಾನು ‘ಇಲ್ಲ’ ಎನ್ನುತ್ತೇನೆ. ಮುಚ್ಚಿದ ಚೀಟಿಯಲ್ಲಿ ಅದು ನನಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಬರೆಯಲಾರೆ, ಏಕೆಂದರೆ ಇದನ್ನು ಗುಂಪಿನವರೂ ಓದುತ್ತಾರೆ.