ಹಳೇ ಜೀಪಿನ ಎಂಜಿನ್ ಇಳಿಸುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಶೆಡ್ಡಿನ ಮೂಲೆ ಹಿಡಿದು ನಿಂತ ಜೀಪುಗಳಿಗೆ ಬರವಿಲ್ಲ. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯನ್ನಂತೂ ದೂರದಿಂದಲೇ ಗುರುತು ಹಿಡಿಯಬಹುದು. ಅದರ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿದೆ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿದೆ. ಹಾಗಾಗಿ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಮೇಲೆ ಹೋಯಿತು.

ಕುಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಈ ಕೆಲಸಕ್ಕೆ ಕೈಹಾಕಿ. ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ. ಬಿಚ್ಚುವ ಮೊದಲು ಎಂಜಿನ್ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಎಷ್ಟೋ ಪೆಟ್ರೋಲ್ ಜೀಪುಗಳಿಗೆ ಆಮೇಲೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಂಬರ್ ತಾಳೆಯಾಗದಿದ್ದರೆ ಖರ್ಚು ಮಾಡುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಹಿಂದಿನ ದಿನ ಸಂಜೆಯೇ ಎಕ್ಸಾಸ್ಟ್ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಬ್ಯಾಟರಿ ಕೇಬಲ್ ತೆಗೆಯಿರಿ, ನೆಗೆಟಿವ್ ಮೊದಲು. ಆಮೇಲೆ ಬಾನೆಟ್. ರೇಡಿಯೇಟರ್ ನೀರು, ಎಂಜಿನ್ ಆಯಿಲ್ ಎರಡನ್ನೂ ಬಾಣಲೆ ಹಿಡಿದು ಇಳಿಸಿ. ರೇಡಿಯೇಟರ್ ನೀರಿಗೆ ಬೆರೆಸುವ ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸತ್ತೇ ಹೋಗಬಹುದು. ಆಯಿಲನ್ನು ಚರಂಡಿಗೆ ಬಿಟ್ಟರೆ ಅದು ಹಳ್ಳದ ದಾರಿಯಲ್ಲಿ ಹೇಮಾವತಿಗೋ ಭದ್ರೆಗೋ ಸೇರುತ್ತದೆ, ಅಲ್ವಾ? ಕ್ಯಾನಿಗೆ ತುಂಬಿಡಿ.

ರೇಡಿಯೇಟರ್ ಜೊತೆ ಮುಂದಿನ ಗ್ರಿಲ್ಲನ್ನೂ ತೆಗೆದುಬಿಡಿ. ಅದನ್ನು ಬಿಟ್ಟು ಎಂಜಿನ್ ಎಳೆಯಲು ಹೋಗುವುದು ಸುಮ್ನೆ ಸೋಮಾರಿತನ. ಪೆಟ್ರೋಲ್ ಪೈಪಿನ ಬಾಯಿಗೆ ಬೂಚು ಹಾಕಿ. ಆ್ಯಕ್ಸಿಲರೇಟರ್, ಚೋಕ್, ಕ್ಲಚ್ ಲಿಂಕ್, ಸ್ಟಾರ್ಟರ್, ಎಕ್ಸಾಸ್ಟ್ ಪೈಪ್ ಎಲ್ಲ ಬಿಡಿಸಿ. ಪ್ರತಿ ವೈರಿಗೂ ಟೇಪು ಸುತ್ತಿ ಹೆಸರು ಬರೆಯಿರಿ, ಫೋಟೋನೂ ತೆಗೆಯಿರಿ. ಹತ್ತು ಕೈ ದಾಟಿದ ಜೀಪಿನ ವೈರಿಂಗಿನಲ್ಲಿ ಬಣ್ಣ ನಂಬುವ ಹಾಗಿಲ್ಲ.

ಗೇರ್‌ಬಾಕ್ಸ್ ಅಲ್ಲೇ ಇರಲಿ. ಅದನ್ನು ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ) ಸಮೇತ ಎತ್ತುವುದು ತೋಟದ ಶೆಡ್ಡಿನಲ್ಲಿ ಆಗುವ ಮಾತಲ್ಲ. ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟು, ಅದರ ಮುಂದೆ ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಕವಚದ, ಅಂದರೆ ಬೆಲ್ ಹೌಸಿಂಗಿನ, ಬೋಲ್ಟು ಬಿಚ್ಚಿ. ಒಂದು ಟನ್ನಿನ ಚೈನ್ ಪುಲ್ಲಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ಹಾಕಿ. ಗೆದ್ದಲು ತಿಂದ ಹಳೇ ತೊಲೆಗೆ ಮಾತ್ರ ಬೇಡ. ಚೈನ್ ಬಿಗಿಯಾಗಿ ಭಾರ ಹಿಡಿದ ಮೇಲೆಯೇ ಎಂಜಿನ್ನನ್ನು ಚಾಸಿಗೆ ಹಿಡಿದಿರುವ ಮೌಂಟಿಂಗ್ ಬೋಲ್ಟು ತೆಗೆಯಿರಿ.

ಇನ್ನು ಅವಸರ ಮಾಡಬಾರದ ಜಾಗ. ಎಂಜಿನ್ ಮೊದಲು ನೇರ ಮುಂದಕ್ಕೆ ಬರಬೇಕು, ಮೇಲಕ್ಕಲ್ಲ. ಗೇರ್‌ಬಾಕ್ಸಿನ ಶಾಫ್ಟ್ ಇನ್ನೂ ಕ್ಲಚ್ ಪ್ಲೇಟಿನ ಹಲ್ಲಿನೊಳಗೇ ಇರುತ್ತದೆ. ಆಗಲೇ ಚೈನ್ ಎಳೆದರೆ ಎಂಜಿನ್ನಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಪ್ಲೇಟ್ ಸೊಟ್ಟಗಾಗುತ್ತದೆ. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಜಾಕ್ ಸ್ವಲ್ಪ ಏರಿಸಿ ಇಳಿಸಿ ಸರಿಮಾಡಿ. ಸಿಕ್ಕಿಕೊಂಡರೆ ಮೀಟುಗೋಲು ಹಾಕಬೇಡಿ, ಎಲ್ಲೋ ಒಂದು ಬೋಲ್ಟು ಉಳಿದಿರುತ್ತದೆ. ಶಾಫ್ಟ್ ಪೂರ್ತಿ ಹೊರಬಿದ್ದದ್ದು ಕಣ್ಣಿಗೆ ಕಂಡ ಮೇಲೆ ಎತ್ತಿ. ತೂಗುವ ಎಂಜಿನ್ ಕೆಳಗೆ ಯಾರೂ ಕೈ ಹಾಕಬಾರದು.

ಇಳಿಸಿದ್ದನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ, ಆಯಿಲ್ ಸಂಪ್ ಮೇಲೆ ಭಾರ ಬೀಳದಿರಲಿ. ಬೆಲ್ ಹೌಸಿಂಗ್ ಬಾಯಿಗೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ವಾರದೊಳಗೆ ಇಲಿ ಸಂಸಾರ ಹೂಡುತ್ತದೆ.