ಮಗ್ಗಿಗೆ ಮೊದಲು ಹುಣಸೆ ಬೀಜ, ಟೊಮೆಟೊ ಟ್ರೇ

ಮಗ್ಗಿ ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ಅದು ಆಮೇಲೆ ಬರಲಿ, ಅಷ್ಟೇ. ಶ್ರೀನಿವಾಸಪುರದ ಹತ್ತಿರ ನಮ್ಮೂರಲ್ಲಿ ಸಂಜೆ ಹೊತ್ತು ಎರಡನೇ, ಮೂರನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳುತ್ತೇನೆ. 'ಏಳೆಂಟ್ಲ ಎಷ್ಟು?' ಅಂದರೆ ಏಳೊಂದ್ಲ ಏಳರಿಂದ ಓಡಿ ಬರುವವರೇ ಜಾಸ್ತಿ. ನಡುವೆ ತಡವರಿಸಿದರೆ ಮತ್ತೆ ಮೊದಲಿಂದ.

ಶುರುವಿಗೆ ಹುಣಸೆ ಬೀಜ ಸಾಕು. ಕೋಲಾರದ ಕಡೆ ಅದಕ್ಕೇನು ಬರ? ಸೀಮೆಸುಣ್ಣದಲ್ಲಿ ನಾಲ್ಕು ಸುತ್ತು ಬರೆಸಿ, ಒಂದೊಂದರಲ್ಲೂ ಮೂರು ಬೀಜ ಇಡಿಸಿ. ಮೊದಲು ಒಂದೊಂದೇ ಎಣಿಸುತ್ತಾರೆ, ಎಣಿಸಲಿ. ಆಮೇಲೆ ಸ್ಲೇಟಿನಲ್ಲಿ 3 + 3 + 3 + 3 ಬರೆಸಿ. ಅದರ ಕೆಳಗೇ 4 × 3. ಈಗ ಒಂದು ಸುತ್ತಿಗೆ ಬೇಕಂತಲೇ ಇನ್ನೊಂದು ಬೀಜ ಹಾಕಿ ಕೇಳಿ: ಈಗಲೂ 4 × 3 ಅನ್ನಬಹುದಾ? ಎಲ್ಲ ಗುಂಪೂ ಸಮ ಇದ್ದರೆ ಮಾತ್ರ ಗುಣಾಕಾರ ಅನ್ನುವುದು ಆ ಒಂದು ಬೀಜದಿಂದ ತಿಳಿಯುತ್ತದೆ. ಸುತ್ತುಗಳನ್ನೆಲ್ಲ ಖಾಲಿ ಮಾಡಿ 4 × 0 ಕೂಡ ಕೇಳಿ. ನಗುತ್ತಾರೆ, ಆದರೆ ಸರಿಯಾಗಿ ಹೇಳುತ್ತಾರೆ.

ಮುಂದೆ ಹಾರಿ ಎಣಿಸುವುದು. ಅಂಗಳದಲ್ಲಿ 0ಯಿಂದ 30ರವರೆಗೆ ಗೆರೆ ಹಾಕಿ. ಸೊನ್ನೆ ಬಿಡಬೇಡಿ. 1ರ ಮೇಲೆ ನಿಂತು ಐದು ಮನೆ ಹಾರಿದರೆ 6ಕ್ಕೆ ಹೋಗಿ ನಿಲ್ಲುತ್ತಾರೆ, ಲೆಕ್ಕ ಅಲ್ಲೇ ಕೆಟ್ಟಿತು. ಬಾಯಲ್ಲಿ 5, 10, 15 ನಡೀಬೇಕು, ಬೆರಳಲ್ಲಿ ಎಷ್ಟನೇ ಸಲ ಹಾರಿದ್ದು ಅನ್ನೋದು. ಎರಡು ಲೆಕ್ಕ ಒಟ್ಟಿಗೆ ಹಿಡಿಯುವುದೇ ಕಷ್ಟ, ಆದ್ದರಿಂದ ಬೆರಳು ಮಡಿಸಿದರೆ ಬೈಯಬೇಡಿ. 2, 10, 5 ಮೊದಲು ಮಾಡಿಸಿ. 4 ಅಂದರೆ 2ರ ಎರಡರಷ್ಟು, 8 ಅಂದರೆ 4ರ ಎರಡರಷ್ಟು. 9ಕ್ಕೆ ಹತ್ತು ಮನೆ ಹಾರಿ ಒಂದು ಹಿಂದೆ ಬಂದರಾಯಿತು.

ಏಳು ಮಾತ್ರ ಎಲ್ಲರನ್ನೂ ಕಾಡುತ್ತದೆ. ಅದಕ್ಕೆ ನನ್ನ ಹತ್ತಿರ ಇರುವುದು ಟೊಮೆಟೊ ಸಸಿ ಬೆಳೆಸುವ ಟ್ರೇ. ನಾಟಿ ಮುಗಿದ ಮೇಲೆ ನಮ್ಮಲ್ಲಿ ಎಷ್ಟೋ ಮನೆ ಹಿತ್ತಲಲ್ಲಿ ಸುಮ್ನೆ ಬಿದ್ದಿರುತ್ತದೆ. 98 ಗುಣಿಯದ್ದು, ಅಂದರೆ ಸಸಿ ಕೂರುವ 98 ಕುಳಿ ಇರುವುದು ತನ್ನಿ. ಒಂದು ಕಡೆ 7, ಇನ್ನೊಂದು ಕಡೆ 14 ಗುಣಿ. ಏಳೇಳರ ಎಂಟು ಸಾಲು ಕಾಣುವಂತೆ ಮಿಕ್ಕಿದ್ದನ್ನು ಪೇಪರಿನಿಂದ ಮುಚ್ಚಿ. ಐದನೇ ಸಾಲಿನ ಕೆಳಗೆ ಒಂದು ಕಡ್ಡಿ ಇಡಿ. ಮೇಲೆ 35, ಕೆಳಗೆ 21, ಒಟ್ಟು 56. ಇನ್ನು ಟ್ರೇ ಅಡ್ಡ ತಿರುಗಿಸಿ. ಎಂಟೆಂಟರ ಏಳು ಸಾಲು! ಗುಣಿ ಹೆಚ್ಚಲಿಲ್ಲ, ಕಮ್ಮಿಯಾಗಲೂ ಇಲ್ಲ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಹೆಚ್ಚು ಕಡಿಮೆ ಅರ್ಧ ಮಗ್ಗಿ ಉಳಿತಾಯ, ಅಲ್ವಾ?

ದೊಡ್ಡ ಮಕ್ಕಳಿಗೆ ಮಂಡಿ ಲೆಕ್ಕ ಕೊಡಿ. ಟೊಮೆಟೊ ಬಾಕ್ಸ್ 15 ಕೆಜಿ. ಅಪ್ಪನ ಜೊತೆ ಕೋಲಾರ ಎಪಿಎಂಸಿಗೆ ಹೋಗಿ ಬಂದವರು 15, 30, 45, 60 ಅಂತ ನಿಲ್ಲದೆ ಹೇಳುತ್ತಾರೆ. ಅವರಿಗೆ ನಾನೇನೂ ಕಲಿಸಿಲ್ಲ.

ಇಷ್ಟಾದ ಮೇಲೆ ಮಗ್ಗಿ ಹಾಡಿಸಿ. ಆದರೆ ಕೇಳುವಾಗ ಹಿಂದೆ ಮುಂದೆ ಕೇಳಿ. ಸಿಕ್ಕಿಹಾಕಿಕೊಂಡರೆ ಉತ್ತರ ಹೇಳಬೇಡಿ, 'ಹತ್ತಿರದ್ದು ಯಾವುದು ಗೊತ್ತು?' ಅನ್ನಿ. ಏಳಾರ್ಲಕ್ಕೆ ತಡವರಿಸಿದ ಮಗು 'ಏಳೈದ್ಲ ಮೂವತ್ತೈದು ಗೊತ್ತು' ಅಂದರೆ, ಅದರ ಮೇಲೆ ಇನ್ನೊಂದು ಸಾಲು ಹಾಕು ಅಂತ ಹೇಳಿ ಸ್ವಲ್ಪ ಕಾಯಿರಿ.